ಮುಚ್ಚಿದ ಬಾಗಿಲಿನಾಚೆಯ ಪಿಟೀಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ವರ್ಷ ಎರಡು ಸಾವಿರದ ನಾಲ್ಕೋ ಐದೋ ಎಂಬುದೇ ನನಗೆ ಖಚಿತವಿಲ್ಲ. ದಿನಚರಿ ಬರೆಯುವ ಅಭ್ಯಾಸ ಕಾಲೇಜಿನ ದಿನಗಳಿಂದಲೂ ಇದೆ, ಆದರೆ ಆ ದಿನದ ಪುಟದಲ್ಲಿ ಇರುವುದು ಮೂರೇ ವಾಕ್ಯ: ‘ತಳಿಗೆ ಹೋಗಿ ಬಂದೆವು. ಪಿಟೀಲು ಸಿಕ್ಕಿತು. ನೇತ್ರಾ ಚೆನ್ನಾಗಿ ನುಡಿಸಿದಳು.’ ಕೊನೆಯ ವಾಕ್ಯದ ಮೇಲೆ ಗೆರೆ ಎಳೆದಿದ್ದೇನೆ. ಅದರ ಬದಲಿಗೆ ಏನನ್ನೂ ಬರೆದಿಲ್ಲ.

ನಾನು ಓದಿದ್ದು ಇತಿಹಾಸ. ಯಾರಾದರೂ ನಂಬಲಾಗದ ಅನುಭವ ಹೇಳಿದರೆ ಕೇಳುವಷ್ಟು ಕೇಳಿ, ಕತ್ತಲಿತ್ತೇ, ಜ್ವರವಿತ್ತೇ, ನಿದ್ದೆಗೆಟ್ಟಿದ್ದಿರಾ ಎಂದು ವಿಚಾರಿಸುತ್ತಿದ್ದವಳು. ನನಗೆ ಆದದ್ದು ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲಲ್ಲಿ, ಹೊಟ್ಟೆತುಂಬ ಮುದ್ದೆ ಉಂಡ ಮೇಲೆ.

ನೇತ್ರಾ ನನ್ನ ಅಕ್ಕನ ಮಗಳು. ಆಗ ಅವಳಿಗೆ ಹದಿನೈದು. ಭಾವ ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಕೆಲಸದಲ್ಲಿದ್ದರು, ಮನೆ ಮತ್ತಿಗಿರಿಯಲ್ಲಿ. ನಾನು ಅದೇ ಬೀದಿಯಲ್ಲಿದ್ದೆ. ಅವಳ ಪಿಟೀಲಿನ ಕತ್ತು ಸೊಟ್ಟಗಾಗಿ ತಂತಿ ಬೆರಳು ಕೊಯ್ಯುತ್ತಿತ್ತು. ಇದರಲ್ಲಿ ಇನ್ನು ಮುಂದಕ್ಕೆ ಹೋಗಲಾಗದು, ಒಳ್ಳೆಯ ವಾದ್ಯ ಸಿಗದಿದ್ದರೆ ಪಾಠ ನಿಲ್ಲಿಸುವುದೇ ಮೇಲು ಎಂದು ಅವಳ ಮೇಷ್ಟ್ರು ನೇರವಾಗಿ ಹೇಳಿಬಿಟ್ಟಿದ್ದರು. ಪದ್ಮಾವತಮ್ಮನವರ ವಿಷಯ ತಿಳಿಸಿದವರೂ ಅವರೇ.

ಪದ್ಮಾವತಮ್ಮನವರದು ತಳಿ ಎಂಬ ಊರಿನಿಂದಾಚೆ, ಕೋಸಿನ ತೋಟಗಳ ನಡುವೆ ಒಂಟಿ ಮನೆ. ಅವರ ಗಂಡ ವೈದ್ಯರಾಗಿದ್ದವರು. ಸಂಗೀತದ ಹುಚ್ಚಿನಲ್ಲಿ ಒಂದು ಹಳೆಯ ಪಿಟೀಲು ಸಂಪಾದಿಸಿದ್ದರು. ಜರ್ಮನಿಯಲ್ಲಿ ಮಾಡಿದ್ದು, ನೂರು ವರ್ಷ ದಾಟಿದ್ದು ಎನ್ನುತ್ತಿದ್ದರು. ಒಳಗೆ ಅಂಟಿಸಿದ್ದ ಚೀಟಿ ಓದಲಾಗದಷ್ಟು ಮಾಸಿತ್ತು. ತಮಗೆ ನುಡಿಸಲು ಬಾರದು, ಆದ್ದರಿಂದ ಬರುವ ಮಕ್ಕಳ ಕೈಯಲ್ಲಿರಲಿ ಎಂದು ಮೂರು ಮೂರು ವರ್ಷಕ್ಕೆ ಎರವಲು ಕೊಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಹೆಂಡತಿ ಅದನ್ನು ಮುಂದುವರಿಸಿದ್ದರು. ಅದಕ್ಕೊಂದು ಕ್ರಮವಿತ್ತು. ಮುಖ, ಬಟ್ಟೆ, ಕುಲ ನೋಡಿ ವಾದ್ಯ ಕೊಡಬಾರದೆಂದು ವೈದ್ಯರು ಮಾಡಿದ್ದ ಕ್ರಮ: ಕೇಳಲು ಬಂದ ಮಗು ಕೋಣೆಯೊಳಗೆ ಒಂಟಿಯಾಗಿ ಕೂತು, ಬಾಗಿಲು ಮುಚ್ಚಿಕೊಂಡು, ತಾನೇ ಶ್ರುತಿ ಮಾಡಿಕೊಂಡು ನುಡಿಸಬೇಕು. ಕೊಡುವವರು ಹೊರಗೆ ಕೂತು ಕೇಳಬೇಕು. ಪದ್ಮಾವತಮ್ಮನವರಿಗೆ ಕಿವಿ ತೀರಾ ಮಂದವಾಗಿದ್ದರಿಂದ ಅವರು ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಅಂಗೈಯನ್ನು ಹಲಗೆಗೆ ಒತ್ತಿ ಹಿಡಿಯುತ್ತಿದ್ದರು. ನಾದ ಮರದಲ್ಲಿ ಬರುತ್ತದೆ ಎನ್ನುತ್ತಿದ್ದರು.

ಭಾವನಿಗೆ ಇದು ಸರಿಬಂದಿರಲಿಲ್ಲ. “ಅಂಥ ಸಾಮಾನ್ನ ನಮ್ ಮನೇಲಿ ಎಲ್ಲಿಕ್ತೀಯಮ್ಮ, ಗ್ಯಾಸ್ ಸಿಲಿಂಡರ್ ಪಕ್ಕಕ್ಕಾ?” ಎಂದು ನನ್ನನ್ನೇ ಕೇಳಿದ್ದರು. ಹಾಗೆಂದವರೇ ಬೆಳಿಗ್ಗೆ ಬೇಗ ಎದ್ದು ನಮ್ಮನ್ನು ಬಸ್ಸಿಗೆ ಹತ್ತಿಸಿ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟರು.

ಪದ್ಮಾವತಮ್ಮನವರ ಮನೆಯಲ್ಲೇ ಊಟವಾದ ಮೇಲೆ ನೇತ್ರಾ ಕೋಣೆಯೊಳಗೆ ಹೋದಳು. ಬಾಗಿಲು ಮುಚ್ಚಿತು. ಪದ್ಮಾವತಮ್ಮ ಬೆನ್ನು ಕೊಟ್ಟು ಕೂತರು, ನಾನು ಎದುರಿನ ಚಾಪೆಯ ಮೇಲೆ. ಮೊದಲು ತಂತಿಗಳನ್ನು ಬೆರಳಿನಿಂದ ಮೀಟಿದ ಸದ್ದು, ತಂತಿ ಬಿಗಿಯುವ ಬಿರಟೆ ತಿರುಗಿಸಿದ ಸದ್ದು. ಆಮೇಲೆ ಸಣ್ಣದೊಂದು ‘ಟಕ್’. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹುಡುಗಿ ಹೆದರಿದಳೇನೋ ಎಂದು ನಾನು ಏಳಬೇಕೆನ್ನುವಷ್ಟರಲ್ಲಿ ಪಿಟೀಲು ಶುರುವಾಯಿತು.

ಅವಳು ದಿನಾ ಬೆಳಿಗ್ಗೆ ಸಾಧನೆ ಮಾಡುತ್ತಿದ್ದ ವರ್ಣವೇ ಅದು. ನನಗೆ ಸಂಗೀತ ಬಾರದು, ಆದರೆ ಒಂದೇ ಬೀದಿಯಲ್ಲಿದ್ದು ಆ ವರ್ಣ ನನಗೆ ಬಾಯಿಪಾಠವಾಗಿತ್ತು. ಚರಣ ದಾಟಿದ ಮೇಲೆ ಒಂದು ಜಾಗದಲ್ಲಿ ಅವಳು ಯಾವಾಗಲೂ ಮುಗ್ಗರಿಸುತ್ತಿದ್ದಳು. ಆವತ್ತು ಮುಗ್ಗರಿಸಲಿಲ್ಲ. ಆ ಜಾಗಕ್ಕೆ ಬಂದಾಗ ಒಂದು ಉಸಿರಿನಷ್ಟು ನಿಂತು, ಯಾವ ಅವಸರವೂ ಇಲ್ಲದೆ ಇಳಿದುಹೋಯಿತು. ಆಮೇಲೆ ಎರಡನೆಯ ಕಾಲ, ಅದೇ ವರ್ಣ ದುಪ್ಪಟ್ಟು ವೇಗದಲ್ಲಿ. ಪದ್ಮಾವತಮ್ಮ ಕಣ್ಣು ಮುಚ್ಚಿದ್ದರು. ಅವರ ಇನ್ನೊಂದು ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅದು ತಪ್ಪಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ, ಅಥವಾ ಗಮನಿಸಿದ್ದೆ ಎಂದು ಈಗ ಅಂದುಕೊಂಡಿದ್ದೇನೆ.

ಮುಗಿದ ಮೇಲೆ ನಾನೇ ಬಾಗಿಲು ತೆರೆದೆ. ನೇತ್ರಾ ಗೋಡೆಗೆ ಒರಗಿ ಅಳುತ್ತಿದ್ದಳು. ಬೆರಳುಗಳು, ಲಂಗ, ಎಲ್ಲ ಸೀಮೆಸುಣ್ಣದ ಪುಡಿ. ತೊಡೆಯ ಮೇಲಿದ್ದ ಪಿಟೀಲಿನ ನಾಲ್ಕು ತಂತಿಗಳೂ ಸಡಿಲವಾಗಿ ಜೋತಿದ್ದವು. ತಂತಿಗಳನ್ನು ಎತ್ತಿ ಹಿಡಿಯುವ ಮರದ ಪುಟ್ಟ ಕುದುರೆ ಬಿದ್ದಿತ್ತು. ಕಮಾನು ಪೆಟ್ಟಿಗೆಯ ಮುಚ್ಚಳದಲ್ಲಿ ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ ಇತ್ತು.

“ಅಜ್ಜೀ, ನಾನ್ ನುಡಿಸ್ನೇ ಇಲ್ಲ,” ಎಂದಳು ನೇತ್ರಾ.

ಪದ್ಮಾವತಮ್ಮನಿಗೆ ಅದು ಕೇಳಿಸಲಿಲ್ಲ. “ಹೂಂ ಕಣಮ್ಮ, ಚೆಂದಾಗ್ ನುಡಿಸ್ದೆ. ಆಗ್ಲೇ ತಂತಿ ಸಡಿಲ ಬುಟ್ಟು ಕುದುರೆ ಬೇರೆ ಮಲಗ್ಸಿದ್ದೀಯ. ಇಷ್ಟ್ ಜೋಪಾನ ಮಾಡೋರು ಇದುವರ್ಗೂ ಬಂದಿಲ್ಲ. ತಗಂಡೋಗು, ಮೂರ್ ವರ್ಷ ನಿಂದೇ.”

ಹುಡುಗಿ ಗಾಬರಿಯಲ್ಲಿ ಏನೋ ಹೇಳುತ್ತಿದ್ದಾಳೆ ಎಂದುಕೊಂಡೆ. ವಾಪಸು ಬಸ್ಸಿನವರೆಗೆ ಬಾಡಿಗೆ ಜೀಪಿನಲ್ಲಿ ಬರುವಾಗ ಅವಳು ನಡೆದದ್ದನ್ನೆಲ್ಲ ಹೇಳಿದಳು. ಬಿರಟೆಗಳು ಜಾರುತ್ತಿದ್ದವು. ಜಾರುವ ಬಿರಟೆಗೆ ಮೇಷ್ಟ್ರು ಸೀಮೆಸುಣ್ಣ ಬಳಿಯುವುದನ್ನು ನೋಡಿದ್ದಳು, ಒಂದು ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೂ ಬಂದಿದ್ದಳು. ಆದರೆ ಮೇಷ್ಟ್ರು ಒಂದೊಂದೇ ಬಿರಟೆ ಬಿಚ್ಚುತ್ತಾರೆ ಎಂಬುದು ಆ ಗಾಬರಿಯಲ್ಲಿ ಮರೆತುಹೋಗಿತ್ತು. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದಳು, ಬಿಗಿ ತಪ್ಪಿ ಕುದುರೆ ಬಿತ್ತು. ಅದೇ ಆ ‘ಟಕ್’. ಕುದುರೆಯನ್ನು ಮತ್ತೆ ನಿಲ್ಲಿಸಲು ಅವಳಿಗೆ ಬಾರದು, ಕರೆಯಲು ಧೈರ್ಯವಿಲ್ಲ. ನಾನು ಬಾಗಿಲು ತೆರೆಯುವವರೆಗೆ ಹಾಗೇ ಕೂತಿದ್ದಳು.

ಸಾಯಂಕಾಲ ಮೇಷ್ಟ್ರು ಕುದುರೆ ನಿಲ್ಲಿಸಿ ಶ್ರುತಿ ಮಾಡಿಕೊಟ್ಟರು. ನೇತ್ರಾ ವರ್ಣ ನುಡಿಸಿದಳು. ನಾದ ಬೇರೆಯೇ ಆಗಿತ್ತು, ಆದರೆ ಮುಗ್ಗರಿಸುವ ಜಾಗದಲ್ಲಿ ಮುಗ್ಗರಿಸಿದಳು. ಮಾರನೆಯ ದಿನದಿಂದ ಅದನ್ನು ಮುಟ್ಟಲಿಲ್ಲ. ಕದ್ದು ತಂದ ಹಾಗಿದೆ ಎಂದಳು. ಮತ್ತೆ ಆ ಸೊಟ್ಟ ಪಿಟೀಲನ್ನೇ ಎತ್ತಿಕೊಂಡಳು. ಭಾವ ನನ್ನ ಮುಖ ನೋಡಿದರು. ಸತ್ಯ ಹೇಳಿದರೆ ವಾದ್ಯ ಹೋಗುತ್ತದೆ, ಹೇಳದಿದ್ದರೆ ಅದು ಪೆಟ್ಟಿಗೆಯಲ್ಲೇ ಇರುತ್ತದೆ. ಎರಡು ವಾರ ನಾನು ಎಲ್ಲ ಕಾರಣಗಳನ್ನೂ ಹುಡುಕಿದೆ. ರೇಡಿಯೋ ಇರಬಹುದೇ? ಆ ಹೊತ್ತಿಗೆ ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಬ್ಯಾಟರಿ ರೇಡಿಯೋ? ಇದ್ದರೂ, ಕಿವಿ ಕೇಳದವರು ಹಲಗೆಯ ಮೇಲೆ ಕೈಯಿಟ್ಟು ತಾಳ ಹಾಕಿದ್ದು ಯಾವುದಕ್ಕೆ? ಮೊದಲು ನುಡಿಸಿ ಆಮೇಲೆ ಕುದುರೆ ಬೀಳಿಸಿಕೊಂಡು, ಭಯದಲ್ಲಿ ಹುಡುಗಿಯೇ ಹಿಂದುಮುಂದು ಮಾಡಿರಬಹುದೇ? ಆದರೆ ‘ಟಕ್’ ಮೊದಲು ಕೇಳಿಸಿತ್ತು. ಕಮಾನು ಮುಚ್ಚಳದಲ್ಲಿತ್ತು.

ಕೊನೆಗೆ ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಪಿಟೀಲು ಎತ್ತಿಕೊಂಡು, ನೇತ್ರಾಳನ್ನು ಕರೆದುಕೊಂಡು ಮತ್ತೆ ಹೋದೆ. ಪದ್ಮಾವತಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಎರಡು ಸಲ ಓದಿದರು. ನೇತ್ರಾ ಪೆಟ್ಟಿಗೆಯನ್ನು ಅವರ ಕಾಲ ಹತ್ತಿರ ಇಟ್ಟು ಹಿಂದೆ ಸರಿದು ನಿಂತಳು.

“ನಿಂಗೂ ಕೇಳಿಸ್ತಾ?” ಎಂದು ನನ್ನನ್ನು ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ.

“ಹಂಗಾದ್ರೆ ನಂಗೊಬ್ಬಳ್ಗೇ ಅರಳುಮರಳು ಅಲ್ಲ,” ಎಂದು ನಕ್ಕರು. ನೇತ್ರಾಳ ಕಡೆ ತಿರುಗಿ, “ಒಳೀಕ್ ಹೋಗಿ ನುಡ್ಸು. ಸೀಮೆಸುಣ್ಣ ಇಲ್ಲಿಟ್ಟೋಗು,” ಎಂದರು.

ಬಾಗಿಲು ಮುಚ್ಚಿತು. ಅಂಗೈ ಹಲಗೆಯ ಮೇಲೆ ಹೋಯಿತು. ನೇತ್ರಾ ನುಡಿಸಿದಳು. ಮಾಮೂಲಿ ಜಾಗದಲ್ಲಿ ಮುಗ್ಗರಿಸಿದಳು, ಸರಿಮಾಡಿಕೊಂಡು ಮುಗಿಸಿದಳು. ನಾನು ಪದ್ಮಾವತಮ್ಮನ ಮುಖವನ್ನೇ ನೋಡುತ್ತಿದ್ದೆ. ಅವರು ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

“ಆವತ್ತಿನಷ್ಟ್ ಇಲ್ಲ,” ಎಂದರು. “ಇರ್ಲಿ. ಅಲ್ಲಿಗೇ ಬತ್ತಾಳೆ. ಇಟ್ಕೊಳ್ಳಿ.”

ನೇತ್ರಾ ಆ ಪಿಟೀಲನ್ನು ಮೂರು ವರ್ಷ ಇಟ್ಟುಕೊಂಡಳು. ಮತ್ತಿಗಿರಿಯ ಆ ಎರಡು ಕೋಣೆಯ ಮನೆಯಲ್ಲಿ ಭಾವ ಅದಕ್ಕೆಂದೇ ಗೋಡೆಗೊಂದು ಹಲಗೆ ಹೊಡೆದರು. ಅವಳ ಸಾಧನೆ ಮುಗಿಯುವವರೆಗೆ ಟಿ.ವಿ. ಹಾಕಲು ಬಿಡುತ್ತಿರಲಿಲ್ಲ. ಹಿಂತಿರುಗಿಸುವ ದಿನ ನಾನೂ ಜೊತೆಗೆ ಹೋಗಿದ್ದೆ. ಕೊನೆಯದಾಗಿ ಒಂದು ಸಲ ನುಡಿಸಿ ಬರುತ್ತೇನೆಂದು ಅವಳು ಆ ಕೋಣೆಗೆ ಹೋದಳು. ಅದೇ ವರ್ಣ. ಆ ಜಾಗಕ್ಕೆ ಬಂದಾಗ ಒಂದು ಉಸಿರಿನಷ್ಟು ನಿಂತು, ಯಾವ ಅವಸರವೂ ಇಲ್ಲದೆ ಇಳಿದಳು. ನಾನು ಮೂರು ವರ್ಷದ ಹಿಂದೆ ಕೇಳಿದ್ದು ಇದನ್ನೇ. ಪದ್ಮಾವತಮ್ಮ ಕಣ್ಣು ತೆರೆದು ನನ್ನನ್ನು ನೋಡಿ, ಬಂದಳಲ್ಲ ಎನ್ನುವ ಹಾಗೆ ಹುಬ್ಬು ಕುಣಿಸಿದರು.

ಎರಡನೆಯ ಸಲ ಕೇಳಿದ್ದೇ ಮೊದಲನೆಯದರ ನೆನಪನ್ನು ತಿದ್ದಿರಬಹುದು ಎಂಬುದನ್ನು ನಾನು ಒಪ್ಪುತ್ತೇನೆ. ಆ ಒಂದು ಉಸಿರಿನ ಮಾತು ದಿನಚರಿಯಲ್ಲಿಲ್ಲ. ಪದ್ಮಾವತಮ್ಮನ ಹುಬ್ಬಿಗೂ ಬೇರೆ ಅರ್ಥವಿರಬಹುದು. ನೇತ್ರಾ ಈಗ ಕಛೇರಿಗಳಿಗೆ ಹೋಗುತ್ತಾಳೆ. ಸ್ವಂತ ವಾದ್ಯವಿದೆ. ಹಳೆಯ ಪಿಟೀಲು ಡೆಂಕಣಿಕೋಟೆ ಕಡೆಯ ಒಬ್ಬ ಹುಡುಗಿಯ ಹತ್ತಿರ ಇದೆಯಂತೆ. ಎಲ್ಲವೂ ಒಳ್ಳೆಯದೇ ಆಯಿತು, ಹಾಗಾಗಿ ಯಾರೂ ಇದನ್ನು ಕೆದಕುವುದಿಲ್ಲ.

ಇದನ್ನು ಬರೆಯಲು ಕೂತಾಗ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷಗಳಲ್ಲಿ ನೇತ್ರಾ ನನ್ನ ಹತ್ತಿರ, ಮೇಷ್ಟ್ರ ಹತ್ತಿರ, ಅವಳಪ್ಪನ ಹತ್ತಿರ ಹೇಳಿದ್ದು ಒಂದೇ ಮಾತು: ಕುದುರೆ ಬಿತ್ತು, ತಾನು ನುಡಿಸಲಿಲ್ಲ. ಕುದುರೆ ಬಿದ್ದ ಮೇಲೆ ಒಳಗೆ ಏನಾಯಿತೆಂದು ಅವಳು ಹೇಳಿಲ್ಲ, ನಾವೂ ಕೇಳಿಲ್ಲ. ಹೋದ ವಾರ ಫೋನ್ ಮಾಡಿದಾಗ ಕೇಳಿದೆ. ಅವಳು, ಆಮೇಲೆ ಮಾಡ್ತೀನಿ ಚಿಕ್ಕಮ್ಮ ಎಂದು ಇಟ್ಟಳು. ಇನ್ನೂ ಮಾಡಿಲ್ಲ.

ನಾನು ಕೇಳಿದ್ದು ಇಷ್ಟೇ: “ಒಳಗೆ ಕೂತಿದ್ದೆಯಲ್ಲ, ನಿನಗೂ ಕೇಳಿಸಿತಾ?”