ಟೈಲರಕ್ಕನ ಚಪ್ಪಡಿ

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ನಾನು ಸಹಕಾರ್ಯದರ್ಶಿಯಾಗಿದ್ದು ಯೋಗ್ಯತೆಯಿಂದಲ್ಲ, ಜೆರಾಕ್ಸ್ ಅಂಗಡಿಯಿಂದ. ಚಿತ್ರದುರ್ಗದ ಕಚೇರಿಗಳ ಎದುರು ಸಾಲಿನಲ್ಲಿ ನಾನು ಕೆಲಸ ಮಾಡುವ ಅಂಗಡಿ ಇದೆ. ಬಿ.ಕಾಂ. ನನ್ನನ್ನು ಮೂರು ಸಲ ಬೇಡ ಎಂದಿತ್ತು. ಆದರೆ ‘ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಸಾಲನ್ನು ನಾನು ನಿದ್ದೆಯಲ್ಲೂ ಟೈಪ್ ಮಾಡಬಲ್ಲೆ. ಸಂಘದ ಅಧ್ಯಕ್ಷರಿಗೆ ಅಷ್ಟೇ ಬೇಕಾಗಿತ್ತು. ಅವರು ನಿವೃತ್ತ ಹೆಡ್‌ಮಾಸ್ತರು, ಏಳನೇ ಕ್ಲಾಸಿನಲ್ಲಿ ನನಗೆ ಬೆತ್ತದ ರುಚಿ ತೋರಿಸಿದವರು.

“ನೀನು ಬರಿಯಲೇ, ಸೈನ್ ನಾನು ಹಾಕ್ತೀನಿ. ಆಗ ನಿಮ್ಮಪ್ಪನ ಸೈನ್ ನೀನು ಹಾಕ್ತಿದ್ಯಲ್ಲ, ಈಗ ಸರಿಹೋಯ್ತು,” ಎಂದರು.

ನಮ್ಮ ಬೀದಿ ಬಂಡೆಗುಡ್ಡದ ಇಳಿಜಾರಿನಲ್ಲಿದೆ. ರಸ್ತೆಗೂ ಮನೆಗಳಿಗೂ ನಡುವೆ ಎರಡಡಿ ಆಳದ ಚರಂಡಿ. ಅದನ್ನು ದಾಟಲು ಒಬ್ಬೊಬ್ಬರು ಒಂದೊಂದು ಹಾಸಿಕೊಂಡಿದ್ದಾರೆ. ಅಧ್ಯಕ್ಷರದು ಕಾರು ಹತ್ತಿಸುವ ಸಿಮೆಂಟಿನ ಇಳಿಜಾರು. ನಮ್ಮ ಮನೆಯವರದು ಕಲ್ಲುಹಾಸು, ಅದರ ಮೇಲೊಂದು ಬಟ್ಟೆ ಒಗೆಯುವ ಕಲ್ಲು. ಹೀಗೆ ಮೇಲೆಲ್ಲ ಮುಚ್ಚಿಬಿಟ್ಟ ಮೇಲೆ ಚರಂಡಿಯನ್ನು ಗುಡಿಸುವವರು ಎಲ್ಲಿ ಕೈ ಹಾಕಬೇಕು? ಮಳೆ ಬಂದರೆ ಇಡೀ ಬೀದಿಯ ಕೊಳಚೆ ಇಳಿದು ಕೊನೆಯ ಮನೆಯ ಮುಂದೆ ನಿಲ್ಲುತ್ತಿತ್ತು.

ಕೊನೆಯ ಮನೆ ಟೈಲರಕ್ಕನದು. ಚಿಕ್ಕಂದಿನಲ್ಲೇ ಪೋಲಿಯೊ ಅವಳ ಎರಡು ಕಾಲನ್ನೂ ಕಿತ್ತುಕೊಂಡಿತ್ತು. ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ ಕೈಮಷೀನಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಅವಳ ಮನೆ ಮುಂದಿನದು ಬೂದುಬಣ್ಣದ ದಪ್ಪ ಚಪ್ಪಡಿ. ಕಲ್ಲು ಕೆಲಸದ ಅವಳ ಅಪ್ಪ ಸಾಯುವ ಮುಂಚೆ ತಾನೇ ಕಡೆದು ಹಾಸಿದ್ದು. ಮಳೆಯಲ್ಲಿ ಗಾಡಿ ಜಾರಬಾರದೆಂದು ಮೇಲ್ಮೈಗೆ ಉಳಿಯಿಂದ ಒತ್ತಾಗಿ ಗೀಟು ಹೊಡೆದಿದ್ದ.

ಹೋದ ಮಳೆಗಾಲದಲ್ಲಿ ಸಂಘ ಚರಂಡಿ ಸರಿಮಾಡಿಸಿ ಎಂದು ನಗರಸಭೆಗೆ ಅರ್ಜಿ ಕೊಡಲು ತೀರ್ಮಾನಿಸಿತು. ಅರ್ಜಿಗೆ ಫೋಟೊ ಬೇಕು. ನಾನೂ ಅಧ್ಯಕ್ಷರೂ ನೀರು ನಿಂತ ಕೊನೆಯ ಮನೆಯ ಹತ್ತಿರ ಹೋದೆವು.

“ಮೊಣಕಾಲೂ ಮುಟ್ಟಂಗಿಲ್ಲಲ್ಲೋ ನೀರು,” ಎಂದು ಅಧ್ಯಕ್ಷರು ಪೇಚಾಡಿದರು.

“ಚರಂಡಿಯೊಳಗೆ ಕುಂತ್ಕಂಡ್ರೆ ಕುತ್ತಿಗೆ ತನಕ ಬರ್ತೈತೆ ಸಾ,” ಎಂದೆ. ಎಂದವನು ಕೂತೂಬಿಟ್ಟೆ. ಊರಿನ ಅರ್ಧ ಕೊಳಚೆ ನನ್ನ ಅಂಗಿಯೊಳಗೆ ಸಂಸಾರ ಹೂಡಿತು. ಎರಡು ಕೈ ಮೇಲೆತ್ತಿ ಮುಳುಗುವವನ ಮುಖ ಮಾಡಿದೆ. ಹಿಂದೆ ಟೈಲರಕ್ಕನ ಚಪ್ಪಡಿ ಸ್ಪಷ್ಟವಾಗಿ ಕಾಣುತ್ತಿತ್ತು.

ಟೈಲರಕ್ಕ ಬಾಗಿಲಿಗೆ ಬಂದು, “ಏನಲೇ ಅದು, ಎಮ್ಮೆ ಬಿದ್ದೈತೇನೋ ಅಂದ್ಕಂಡೆ,” ಎಂದಳು.

“ನಿನ್ ಕಲ್ಲು ಫೋಟೊದಾಗೆ ಬರ್ತೈತಕ್ಕ, ಸ್ವಲ್ಪ ನಗು.”

“ನಾನ್ಯಾಕ್ ನಗ್ಲಿ, ಕಲ್ಲಿಗೆ ಹೇಳು.”

ಆ ರಾತ್ರಿಯೇ ಜ್ವರ ಬಂತು. ಜ್ವರದಲ್ಲೇ ಅರ್ಜಿ ಟೈಪ್ ಮಾಡಿದೆ. ‘ಫೋಟೊದಲ್ಲಿ ಕಾಣುವ ಸದರಿ ಚಪ್ಪಡಿಯಿಂದಾಗಿ ಸಾರ್ವಜನಿಕರು ಕುತ್ತಿಗೆಮಟ್ಟದ ನೀರಿನಲ್ಲಿ ಪ್ರಾಣ ಒತ್ತೆಯಿಟ್ಟು ಸಂಚರಿಸುತ್ತಿದ್ದಾರೆ’ ಎಂದು ಬರೆದೆ. ಮೊಸಳೆ ಸೇರಿಕೊಳ್ಳುವ ಸಂಭವವಿದೆ ಎಂದೂ ಸೇರಿಸಿದ್ದೆ, ಅಧ್ಯಕ್ಷರು ಮೊಸಳೆಯನ್ನು ಹೊಡೆದುಹಾಕಿದರು. ಚಪ್ಪಡಿಯನ್ನು ಹಾಗೇ ಬಿಟ್ಟರು. ನಾನೂ ಬಿಟ್ಟೆ. ಅರ್ಜಿಗೆ ಉತ್ತರ ಬಂದ ಉದಾಹರಣೆಯನ್ನು ಜೆರಾಕ್ಸ್ ಅಂಗಡಿಯವನಾದ ನಾನು ಕಂಡಿರಲಿಲ್ಲ.

ಈ ಸಲ ಬಂತು. ಒಂದು ಬೆಳಿಗ್ಗೆ ಇಂಜಿನಿಯರ್ ಒಬ್ಬರು ಜೆಸಿಬಿಯ ಜೊತೆ ಬಂದು ಇಳಿದರು. ಕೈಯಲ್ಲಿ ನನ್ನ ಮುಳುಗುತ್ತಿರುವ ಮುಖ.

“ಫೋಟೊದಾಗಿರೋ ಕಲ್ಲು ಯಾವ್ದ್ರಿ?” ಎಂದರು.

ಅಧ್ಯಕ್ಷರು ತಮ್ಮ ಸಿಮೆಂಟಿನ ಇಳಿಜಾರಿನ ಮೇಲೆ ನಿಂತುಕೊಂಡೇ, “ತೋರ್ಸಲೇ,” ಎಂದರು.

“ಸಾರ್, ಅದೊಂದೇ ಅಲ್ಲ, ಬೇರೆ ಮನೇವೂ ಅವೆ…” ಎಂದು ಬಾಯಿ ತೆಗೆದೆ.

ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಗ್ಗಿದರು. “ನಿಮ್ಮನೆ ಒಗಿಯೋ ಕಲ್ಲೂ ತೋರ್ಸ್ತೀಯೇನಪ್ಪ?”

ನಾನು ಬಾಯಿ ಮುಚ್ಚಿ ಕೈ ಎತ್ತಿ ಕೊನೆಯ ಮನೆಯನ್ನು ತೋರಿಸಿದೆ. ಆ ಕೈ ಇನ್ನೂ ನನ್ನ ಹತ್ತಿರವೇ ಇದೆ. ಅದರಲ್ಲೇ ಊಟ ಮಾಡುತ್ತೇನೆ.

ಟೈಲರಕ್ಕ ಆಗಲೇ ಅಂಗಡಿಗೆ ಹೋಗಿದ್ದಳು. ಸಂಜೆ ಗಾಡಿ ತಿರುಗಿಸಿಕೊಂಡು ಬಂದವಳು ಚರಂಡಿಯ ಅಂಚಿಗೆ ನಿಂತಳು. ಎದುರಿಗೆ ಅವಳ ಬಾಗಿಲು, ನಡುವೆ ಬರೀ ಗುಂಡಿ.

“ಬೆಳಿಗ್ಗೆ ಇತ್ತಲ್ಲೋ,” ಎಂದಳು.

ನಾಲ್ಕು ಜನ ಸೇರಿ ಅವಳನ್ನು ಎತ್ತಿ ಒಳಗೆ ಕೂರಿಸಿದೆವು, ಗಾಡಿಯನ್ನೂ ಎತ್ತಿ ದಾಟಿಸಿದೆವು. ಆಮೇಲೆ ಅವಳನ್ನು ದಿನಾ ಎತ್ತುವವರು ಯಾರು? ಹೊಸ ಚರಂಡಿಯಾದ ಮೇಲೆ ಹೊಸ ಕಲ್ಲು ಹಾಕಿಸುತ್ತೇವೆಂದು ಹೇಳಿ ಇಂಜಿನಿಯರ್ ಹೋಗಿದ್ದರು. ಚರಂಡಿಯೂ ಬರಲಿಲ್ಲ, ಕಲ್ಲೂ ಬರಲಿಲ್ಲ. ಸಂಘದ ಸಭೆಯಲ್ಲಿ ವಿಷಯ ಎತ್ತಿದೆ. “ನಡೆಯೋಕಾಗಲ್ಲ ಅನ್ನೋರಿಗೆ ರಸ್ತೆ ಯಾಕಪ್ಪ?” ಎಂದು ಅಧ್ಯಕ್ಷರು ಕೇಳಿದರು. ಮಿರ್ಚಿ ಮಂಡಕ್ಕಿ ಬಂದಿತ್ತು. ಎಲ್ಲರೂ ಬಾಯಿ ತುಂಬ ನಕ್ಕರು. ನನ್ನ ಬಾಯಲ್ಲೂ ಮಂಡಕ್ಕಿ ಇತ್ತು.

ಪಾಪಪ್ರಜ್ಞೆ ತಡೆಯದೆ ನಾನೇ ಸೇತುವೆ ಕಟ್ಟಲು ಹೊರಟೆ. ಸಂಘದ ಹಳೆಯ ಬೋರ್ಡಿನ ಪ್ಲೈವುಡ್ ತಂದು ಚರಂಡಿಯ ಮೇಲೆ ಹಾಸಿದೆ.

“ಮೊದ್ಲು ನೀನು ಹತ್ತಲೇ,” ಎಂದಳು ಟೈಲರಕ್ಕ.

ಹತ್ತಿದೆ, ಕುಣಿದೂ ತೋರಿಸಿದೆ. ನಾನು ತೂಗುವುದು ಒಂದು ಮೂಟೆ ಅಕ್ಕಿಗಿಂತ ಕಡಿಮೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಗಾಡಿಯ ಮುಂದಿನ ಚಕ್ರ ನಡುವಿಗೆ ಬಂದದ್ದೇ ಹಲಗೆ ಲಟ್ಟೆಂದು ಮುರಿಯಿತು. ಅವಳು ಬಲಗೈ ಊರಿ ಬಿದ್ದಳು. ಮಣಿಕಟ್ಟು ಮುರಿದಿತ್ತು. ಕಾಲಿಲ್ಲದ ಟೈಲರನ್ನು ಕೈಯಿಲ್ಲದ ಟೈಲರ್ ಮಾಡಿದ ಕೀರ್ತಿ ಜಿಲ್ಲೆಯಲ್ಲಿ ನನ್ನೊಬ್ಬನದೇ. ಕಟ್ಟು ಬಿಚ್ಚುವಷ್ಟರಲ್ಲಿ ಅಂಗಡಿಯವರು ಅವಳ ಮಷೀನಿಗೆ ಬೇರೆಯವರನ್ನು ಕೂರಿಸಿದ್ದರು. “ಬೆಳಿಗ್ಗೆ ಬಾಗಿಲು ತೆರೆಯೋ ಹೊತ್ತಿಗೆ ಬಂದು ಕುಂತ್ಕಂಡ್ರೆ ಜಾಗ ಕೊಡ್ತಾರಂತೆ,” ಎಂದಳು ನನ್ನನ್ನು ನೋಡದೆ. “ನಂಗೆ ಆ ಕಲ್ಲೊಂದು ಬೇಕು ಕಣಲೇ.”

ಕಲ್ಲು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಜೆಸಿಬಿಯವನು ಅದನ್ನು ಸಂಘದ ಹೊಸ ಪಾರ್ಕಿನ ಜಾಗದಲ್ಲಿ ಇಳಿಸಿದ್ದ. ಅಧ್ಯಕ್ಷರು ಅದನ್ನು ತಟ್ಟಿ ನೋಡಿ, “ಏನ್ ಗಟ್ಟಿ ಐತೆ! ಉದ್ಘಾಟನೆಗೆ ಬೇರೆ ಕಲ್ಲು ಯಾಕೆ ತರ್ಸಾಣ?” ಎಂದಿದ್ದರು. ಹಿರಿಯೂರಿನಿಂದ ಅಕ್ಷರ ಕೊರೆಯುವವನು ಬಂದು ನುಣುಪಾದ ಕೆಳಮೈಯನ್ನು ಮೇಲೆ ತಿರುಗಿಸಿ ಪಾಲಿಶ್ ಹೊಡೆದ. ಕೆತ್ತಬೇಕಾದ ಹೆಸರುಗಳನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದುಕೊಟ್ಟವನು ನಾನು. ಮೂರನೆಯದು ನನ್ನ ಹೆಸರು. ನನ್ನದೇ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟಿದ್ದೆ, ಅದೂ ಹಾಗೇ ಕೆತ್ತಿಬಿಟ್ಟ.

ಉದ್ಘಾಟನೆಗೆ ಎರಡು ದಿನ ಮುಂಚೆ ಅಧ್ಯಕ್ಷರಿಗೆ ಹೊಸ ಉಮೇದು ಬಂತು. “ಕಲ್ಲು ಕೊಟ್ಟೋಳಿಗೆ ಒಂದು ಶಾಲು ಹೊದಿಸಾಣ. ಕರ್ಕಂಬಾ.”

ಟೈಲರಕ್ಕನಿಗೆ ಹೋಗಿ ಹೇಳಿದೆ. ಅವಳ ಮುಖ ಅರಳಿತು. “ಕಲ್ಲು ಕೊಡ್ತಾರೇನಲೇ?”

ಇಲ್ಲ ಎನ್ನಬೇಕಿತ್ತು. ನನ್ನ ನಾಲಿಗೆಗೆ ಇಲ್ಲ ಎನ್ನುವುದಕ್ಕಿಂತ ತಮಾಷೆ ಸಲೀಸು. “ಬಂದ್ ನೋಡಕ್ಕ, ನಿನ್ ಕಲ್ಲೇ ಮುಖ್ಯ ಅತಿಥಿ,” ಎಂದೆ.

ಅವಳು ಇಸ್ತ್ರಿ ಸೀರೆ ಉಟ್ಟು ಬಂದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಚರಂಡಿ ದಾಟಿಸಿ, ಹಾಗೇ ಹೊತ್ತು ತಂದು ವೇದಿಕೆಯ ಮೇಲೆ ಇಟ್ಟೆವು. ನಿರೂಪಣೆ ನನ್ನದೇ. ಪರದೆ ಸರಿಯಿತು. ಕಲ್ಲು ಫಳಫಳ ಹೊಳೆಯಿತು. ವೇದಿಕೆ ನೆಟ್ಟ ಕಲ್ಲಿನ ಪಕ್ಕಕ್ಕೆ, ತುಸು ಹಿಂದಿತ್ತು. ಅವಳು ಕೂತಲ್ಲಿಂದ ಕಲ್ಲಿನ ಬೆನ್ನು ಕಾಣುತ್ತಿತ್ತು. ಅಪ್ಪ ಹೊಡೆದ ಗೀಟು ಹಾಗೇ ಇದ್ದವು. ಅವಳು ಅವನ್ನೇ ನೋಡುತ್ತಿದ್ದಳು.

“ಊರಿಗೋಸ್ಕರ ತಮ್ಮ ಬಾಗಿಲ ಕಲ್ಲನ್ನೇ ದಾನ ಮಾಡಿದ ಮಹಾತಾಯಿ!” ಎಂದು ನಾನು ಮೈಕಿನಲ್ಲಿ ಕೂಗಿದೆ. ಅಧ್ಯಕ್ಷರು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿಟ್ಟರು. “ಎರಡು ಮಾತಾಡ್ರಿ ತಾಯಿ,” ಎಂದರು.

ಅವಳು ಮೈಕನ್ನು ಎಡಗೈಗೆ ತೆಗೆದುಕೊಂಡಳು. “ಶಾಲು ಬ್ಯಾಡ್ರಿ, ಕಲ್ಲು ಕೊಡ್ರಿ. ನಿಮ್ ಹೆಸ್ರು ಹಂಗೇ ಇರ್ಲಿ, ನಾನೇನೂ ಕೆರೆಯಂಗಿಲ್ಲ. ಮಕಾಡೆ ಹಾಕ್ಕಂತೀನಿ. ಹೆಸ್ರು ಚರಂಡಿ ಕಡೆಗಿರ್ಲಿ, ಗೀಟು ಮೇಲೆ ಬರ್ಲಿ.”

ಅಧ್ಯಕ್ಷರು ನನ್ನತ್ತ ನೋಡಿದರು. ಆ ನೋಟ ಏಳನೇ ಕ್ಲಾಸಿನಿಂದ ನನಗೆ ಪರಿಚಯ. ನಾನು ಮೈಕು ಕಿತ್ತುಕೊಂಡು, “ನೋಡ್ರಿ, ನಮ್ಮಕ್ಕ ನನಗಿಂತ ದೊಡ್ಡ ಜೋಕರು!” ಎಂದೆ. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಅಧ್ಯಕ್ಷರು ಕಣ್ಣೊರೆಸಿಕೊಂಡು ನಕ್ಕರು. ನಗದವಳು ಅವಳೊಬ್ಬಳೇ. ಬಂದ ಹಾಗೆಯೇ ಅವಳನ್ನು ಕುರ್ಚಿಯಲ್ಲಿ ಹೊತ್ತು ಒಯ್ದು, ಚರಂಡಿ ದಾಟಿಸಿ, ಮನೆಯೊಳಗೆ ಇಳಿಸಿದೆವು. ಕುರ್ಚಿ ಬಾಡಿಗೆಯದು, ಅವಳನ್ನು ನೆಲಕ್ಕಿಳಿಸಿ ಕುರ್ಚಿ ವಾಪಸ್ ತಂದೆವು.

ಮಾರನೆಯ ದಿನ ಸಂಘದ ನಡಾವಳಿ ಪುಸ್ತಕಕ್ಕೆ ಅಂಟಿಸಲು ವರದಿ ಬೇಕಾಗಿತ್ತು. ‘ಸನ್ಮಾನಿತರು ಚಪ್ಪಡಿಯ ಸದ್ಬಳಕೆಗೆ ಹರ್ಷ ವ್ಯಕ್ತಪಡಿಸಿದರು’ ಎಂದು ಟೈಪ್ ಮಾಡಿದೆ. ಈ ಸಲ ಒಂದು ದೀರ್ಘವೂ ಬಿಟ್ಟುಹೋಗಿರಲಿಲ್ಲ.