ಸರ್ಕೊಳ್ರವ್ವ, ಬಿಸಿನೀರು ಬತ್ತದೆ

ಲೊಕ್ಕನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡವ್ವ ಬಿಸಿನೀರನ್ನು ಹಾಗೇ ನೆಲಕ್ಕೆ ಚೆಲ್ಲಿದ್ದನ್ನು ನಾನು ಕಂಡಿಲ್ಲ. ಹಿತ್ತಲಲ್ಲಿ ಪಾತ್ರೆ ಹಿಡಿದು ಬಗ್ಗಿ, "ಸರ್ಕೊಳ್ರವ್ವ, ಬಿಸಿನೀರು ಬತ್ತದೆ" ಎಂದು ಮಣ್ಣಿಗೆ ಹೇಳಿ, ಒಂದು ಗಳಿಗೆ ತಡೆದು ಆಮೇಲೆ ಸುರಿಯುವರು. ಯಾರಿಗೆ ಹೇಳುತ್ತೀರಿ ಎಂದರೆ, "ಮಣ್ಣೊಳ್ಗಿರೋ ಹುಳಹುಪ್ಟೆಗೆ. ಅವೂ ಮಕ್ಳುಮರಿ ಕಟ್ಕಂಡವಲ್ವಾ?" ಎನ್ನುವರು.

ಹೋದ ಮಳೆಗಾಲ ಕಳೆ ಕೀಳಲು ಆಳು ಸಿಗಲಿಲ್ಲ. ಅವರ ಜೋಳಕ್ಕಿಂತ ಹುಲ್ಲೇ ಎತ್ತರವಾಯಿತು. ಕೊನೆಗೆ ಕಳೆ ಔಷಧಿಯ ಪಂಪು ಬೆನ್ನಿಗೇರಿಸಿ ಹೊರಟರು. ನೀರು ಹೊತ್ತು ನಾನೂ ಹೋದೆ.

ದೊಡ್ಡವ್ವ ಸೆರಗಿನಿಂದ ಮೂಗು ಕಟ್ಟಿಕೊಂಡು ಹೊಲದ ಬದುವಿನ ಮೇಲೆ ನಿಂತು ಬಗ್ಗಿದರು. "ಸರ್ಕೊಳ್ರವ್ವ, ಔಷ್ದಿ ಬತ್ತದೆ."

"ಎಲ್ಗೆ ದೊಡ್ಡವ್ವ?" ಎಂದುಬಿಟ್ಟೆ. ತಮಾಷೆಗೇನೂ ಅಲ್ಲ.

ಅವರು ತಲೆಯೆತ್ತಿ ಸುತ್ತ ನೋಡಿದರು. ಅಕ್ಕಪಕ್ಕದ ಹೊಲಗಳಿಗೆ ಆಗಲೇ ಔಷಧಿ ಬಿದ್ದು, ಹುಲ್ಲೆಲ್ಲ ಕಾದ ಹಂಚಿನಲ್ಲಿ ಹುರಿದಂತೆ ಕೆಂಪಾಗಿತ್ತು. ಹಿಂದೆ ರಸ್ತೆ. ಮುಂದೆ ಕಾಡಿನಂಚಿಗೆ ಆನೆ ಬಾರದಂತೆ ತೋಡಿದ ಕಂದಕ.

ಪಂಪು ಇಳಿಸದೆಯೇ ಬದುವಿನ ಮೇಲೆ ಕೂತರು. ಮೋಡ ಕಟ್ಟುತ್ತಿತ್ತು. ಮಳೆ ಬಂದರೆ ಔಷಧಿ ನಿಲ್ಲುವುದಿಲ್ಲ, ಹೊಡೆಯದಿದ್ದರೆ ಜೋಳ ಉಳಿಯುವುದಿಲ್ಲ.

"ಮಳೆ ಬತ್ತದೆ ದೊಡ್ಡವ್ವ" ಎಂದೆ.

"ವಸಿ ತಾಳು ಮಗ," ಎಂದರು ಮಣ್ಣನ್ನೇ ನೋಡುತ್ತ. "ಎಲ್ಗೋಗದು ಅಂತ ಅವೂ ಯೋಚ್ನೆ ಮಾಡ್ಬೇಕಲ್ವಾ?"