ಎಮ್ಮೆಸ್ ಅವ್ವ

ಅವಳ ಎಡ ಎದೆಯ ಕೆಳಗೆ, ಪಕ್ಕೆಲುಬಿನ ಸಂದಿಯ ಮೇಲೆ, ಬಾಲ್‌ಪೆನ್ನಿನ ನೀಲಿ ಗುರುತೊಂದು ಯಾವಾಗಲೂ ಇರುತ್ತಿತ್ತು. ಕೆಲವು ಸಲ ಬರೀ ಚುಕ್ಕೆ, ಕೆಲವು ಸಲ ಕತ್ತರಿ ಗುರುತು. ಪರೀಕ್ಷೆಯ ದಿನಗಳಲ್ಲಿ ಹತ್ತಾರು ಗುರುತುಗಳು ಒಂದರ ಮೇಲೊಂದು ಬಿದ್ದು, ಬಾಸುಂಡೆ ಎದ್ದಂತೆ ಕಾಣುತ್ತಿತ್ತು. ಹೃದಯದ ಬಡಿತ ಬೆರಳಿಗೆ ತಾಗುವ ಜಾಗಕ್ಕೆ ಗುರುತು ಹಾಕಬೇಕೆಂದು ಡಾಕ್ಟರಿಕೆ ಓದುತ್ತಿದ್ದ ನಮಗೆ ಹೇಳಿಕೊಟ್ಟಿದ್ದರು. ಆಮೇಲೆ ಅಳಿಸಬೇಕೆಂದು ಯಾರೂ ಹೇಳಿರಲಿಲ್ಲ. ಅವಳು ದೇವದುರ್ಗದ ಬಸ್ಸು ಹತ್ತಿ ಊರು ಸೇರಿದ ಮೇಲೆ ಸಾಬೂನು ಹಚ್ಚಿ ತಿಕ್ಕಿಕೊಳ್ಳುತ್ತಿದ್ದಳು. "ನನ್ನ ಮಗಳು ಕೇಳ್ತಾಳ, ಯವ್ವಾ ಇದೇನು ಹಚ್ಚಿ ಹಾಕಿಸ್ಕೊಂಡು ಬಂದೀದಿ ಅಂತ," ಎಂದು ನಗುತ್ತಿದ್ದಳು.

ನಾವು ಅವಳನ್ನು ಎಮ್ಮೆಸ್ ಅವ್ವ ಎನ್ನುತ್ತಿದ್ದೆವು. ಮೈಟ್ರಲ್ ಸ್ಟೆನೋಸಿಸ್ ಎಂಬುದು ಅವಳ ರೋಗ. ಹೃದಯದ ಎಡಗಡೆಯ ಒಂದು ಕವಾಟ ಗಟ್ಟಿಯಾಗಿ, ಕಿರಿದಾಗಿ, ರಕ್ತ ಮುಂದಕ್ಕೆ ಹೋಗಲು ತಿಣುಕುತ್ತದೆ. ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ, ಕೀಲು ಬಾವು ಬಂದಾಗ ಯಾರಾದರೂ ಸರಿಯಾದ ಸೂಜಿ ಕೊಟ್ಟಿದ್ದರೆ ಬಹುಶಃ ಅದು ಬರುತ್ತಲೇ ಇರಲಿಲ್ಲ. ಅವಳ ಊರಿನಲ್ಲಿ ಆಗ ಸೂಜಿ ಕೊಡುವವರಿರಲಿಲ್ಲ. ಈ ರೋಗದ ಸದ್ದನ್ನು ಕಿವಿಯಿಂದ ಹಿಡಿಯುವುದು ಕಷ್ಟ. ದೂರದಲ್ಲೆಲ್ಲೋ ಗುಡುಗಿದಷ್ಟು ಸಣ್ಣದು. ಅವಳ ಎದೆಯಲ್ಲಿ ಮಾತ್ರ ಪುಸ್ತಕದಲ್ಲಿ ಬರೆದಂತೆಯೇ ಕೇಳುತ್ತಿತ್ತು. ಹಾಗಾಗಿ ಪ್ರಾಕ್ಟಿಕಲ್ ಪರೀಕ್ಷೆ ಬಂದಾಗಲೆಲ್ಲ ಅವಳಿಗೆ ಫೋನು ಹೋಗುತ್ತಿತ್ತು. ಬಸ್ಸಿನ ಖರ್ಚು ಮತ್ತು ಎರಡು ಹೊತ್ತಿನ ಊಟಕ್ಕೆ ಅವಳು ರಾಯಚೂರಿಗೆ ಬಂದು ವಾರವಿಡೀ ಮಂಚದ ಮೇಲೆ ಕೂರುತ್ತಿದ್ದಳು. ಆ ವಾರ ಅವಳನ್ನು ಎಲ್ಲರೂ 'ಕೇಸು' ಎನ್ನುತ್ತಿದ್ದರು.

ನಾನು ಅವಳನ್ನು ಮೊದಲು ಕಂಡದ್ದು ಎಂಬಿಬಿಎಸ್ ಮೂರನೆಯ ವರ್ಷದಲ್ಲಿ. ಹದಿನೈದು ಜನ ಮಂಚದ ಸುತ್ತ ನಿಂತಿದ್ದೆವು. ಪ್ರೊಫೆಸರು ನನ್ನನ್ನೇ ಮುಂದೆ ಕರೆದರು. ನಾನು ದೇವದುರ್ಗ ತಾಲೂಕಿನ ಹಳ್ಳಿಯವಳು, ಅಪ್ಪ ಅವ್ವ ಗೌಂಡಿ ಕೆಲಸಕ್ಕೆ ಊರೂರು ಅಲೆದವರು, ಹತ್ತನೆಯವರೆಗೆ ಕನ್ನಡದಲ್ಲೇ ಓದಿದವಳು. ಇಂಗ್ಲಿಷಿನಲ್ಲಿ ಪ್ರಶ್ನೆ ಬಿದ್ದರೆ ನನ್ನ ಕೈ ಮಂಜುಗಡ್ಡೆಯಾಗುತ್ತಿತ್ತು. ಆ ಕೈಯನ್ನೇ ಅವಳ ಎದೆಯ ಮೇಲೆ ಇಟ್ಟೆ.

ಅವಳು ಬೆಚ್ಚಿದಳು. ಆಮೇಲೆ ನನಗೆ ಮಾತ್ರ ಕೇಳುವಂತೆ, "ಬಗಲಾಗ ಇಟ್ಕೊಂಡು ಬೆಚ್ಚಗ ಮಾಡ್ಕೋ ಬೇ. ನಾ ಎಲ್ಲೂ ಓಡಿ ಹೋಗಂಗಿಲ್ಲ," ಅಂದಳು.

ಕ್ಲಾಸು ಮುಗಿದ ಮೇಲೆ ನನ್ನನ್ನು ಕರೆದು ಊರು ಕೇಳಿದಳು. ಹೇಳಿದೆ. "ನಮ್ಮ ಕಡಿಯಾಕಿ!" ಎಂದು ನನ್ನ ಗಲ್ಲ ಹಿಡಿದಳು. ದೇವದುರ್ಗ, ಮಾನ್ವಿ ಕಡೆಯ ಹುಡುಗ ಹುಡುಗಿಯರು ಕಾಲೇಜಿನಲ್ಲಿ ಬೆರಳೆಣಿಕೆಯಷ್ಟಿದ್ದೆವು. ಓದು ಮುಗಿಸಿ ನಮ್ಮ ನಮ್ಮ ತಾಲೂಕಿಗೇ ಹೋಗಬೇಕು ಎಂದು ಕ್ಯಾಂಟೀನಿನಲ್ಲಿ ಕೂತು ದೊಡ್ಡ ದೊಡ್ಡ ಮಾತಾಡುತ್ತಿದ್ದೆವು. ಅದನ್ನು ಅವಳಿಗೂ ಹೇಳಿದೆ. ನಮ್ಮ ಮಾತನ್ನು ನಮಗಿಂತ ಹೆಚ್ಚು ನಂಬಿದವಳು ಅವಳೇ. ಅಂದಿನಿಂದ ನಮ್ಮ ಕಡೆಯವರು ಯಾರು ಬಂದರೂ, ಊಟದ ಹೊತ್ತಾಗಿದ್ದರೂ, ದಮ್ಮು ಹತ್ತಿದ್ದರೂ, ಅವಳು ಕುಪ್ಪಸದ ಹುಕ್ಕು ಬಿಚ್ಚಿ, "ಬರ್ರಿ, ಕಲೀರಿ," ಅನ್ನುತ್ತಿದ್ದಳು. ಹುಕ್ಕನ್ನು ತಾನೇ ಬಿಚ್ಚಬೇಕು, ತಾನೇ ಹಾಕಬೇಕು. ಬೇರೆಯವರು ಕೈ ಹಾಕಿದರೆ ಸಿಟ್ಟಾಗುತ್ತಿದ್ದಳು. ಅದೊಂದೇ ಅವಳ ಷರತ್ತು.

ಅವಳ ಗಂಡ ದುಡಿಯಲು ದೂರ ಹೋದವನು ತಿರುಗಿ ಬಂದಿರಲಿಲ್ಲ. ಒಬ್ಬಳೇ ಮಗಳು. ನಾಟಿಯ ಕಾಲಕ್ಕೆ ಊರ ಹೆಂಗಸರೊಂದಿಗೆ ಟೆಂಪೋದಲ್ಲಿ ಪೋತ್ನಾಳದ ಗದ್ದೆಗಳಿಗೆ ಹೋಗುತ್ತಿದ್ದಳು. ಬಗ್ಗಿ ನಾಲ್ಕು ಸಾಲು ನೆಟ್ಟರೆ ಎದೆ ಹಿಡಿದು ಬದುವಿನ ಮೇಲೆ ಕೂರುವವಳನ್ನು ಕೂಲಿಗೆ ಕರೆಯುವವರು ಬರಬರುತ್ತಾ ಕಡಿಮೆಯಾದರು. ಪರೀಕ್ಷೆಯ ವಾರದ ಊಟ ಅವಳಿಗೆ ನಿಜವಾಗಿ ಬೇಕಾಗಿತ್ತು. ಆದರೂ ಊರಿಂದ ಬರುವಾಗ ಬಟ್ಟೆಯಲ್ಲಿ ಕಟ್ಟಿದ ಕಟಕ್ ರೊಟ್ಟಿ, ಶೇಂಗಾ ಹಿಂಡಿ ತರುತ್ತಿದ್ದಳು. ಅದು ಹಾಸ್ಟೆಲಿನವರಾದ ನಮಗೆ.

ಒಂದು ದಿನ ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ಅವಳ ತಲೆಯ ಮೇಲಿಂದ ನಮ್ಮ ಕಡೆ ನೋಡುತ್ತ ಇಂಗ್ಲಿಷಿನಲ್ಲಿ ರೋಗದ ಮುಂದಿನ ದಾರಿ, ಅಂದರೆ ಪ್ರಾಗ್ನೋಸಿಸ್, ವಿವರಿಸಿದರು. ಕವಾಟ ಅಗಲಿಸದಿದ್ದರೆ ಇಂಥವರು ಎಷ್ಟು ದಿನ ಬದುಕುತ್ತಾರೆ, ಹೇಗೆ ಸಾಯುತ್ತಾರೆ, ಎಲ್ಲವನ್ನೂ. ಅವಳು ಪಾಠ ಕೇಳುವವಳಂತೆ ತಲೆಯಾಡಿಸುತ್ತ ಕೂತಿದ್ದಳು. ಅವರು ಹೋದ ಮೇಲೆ ನನ್ನ ಏಪ್ರನ್ ಜಗ್ಗಿದಳು.

"ಪ್ರಾಗ್ನೋಸಿಸ್ ಪೂರ್ ಅಂದ್ರಲ್ಲ ಅವರು. ಪೂರ್ ಅಂದ್ರ ಬಡವರು ಅಂತ ನನ್ನ ಮಗಳು ಹೇಳ್ಯಾಳ. ನಾವು ಬಡವ್ರು ಅಂತ ಅವರಿಗೆ ಹ್ಯಾಂಗ ಗೊತ್ತಾತು ಬೇ?"

"ನಿಮ್ಮ ಬಿಪಿಎಲ್ ಕಾರ್ಡಿನ್ಯಾಗ ಅದಲ್ಲರೀ, ಅದ ನೋಡಿ ಅಂದಾರ," ಅಂದೆ.

ಅವಳು ಒಪ್ಪಿಕೊಂಡಳು. ನನ್ನ ಪಕ್ಕದಲ್ಲಿದ್ದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹಾಸ್ಟೆಲಿನಲ್ಲಿ ಆ ಮಾತು ಬಹಳ ದಿನ ಓಡಾಡಿತು. ಒಂದೆರಡು ಸಲ ಹೇಳಿ ನಗಿಸಿದವಳು ನಾನೇ.

ನನ್ನ ಕೊನೆಯ ವರ್ಷದ ಪರೀಕ್ಷೆಯಲ್ಲಿ ಚೀಟಿ ಎತ್ತಿದಾಗ ನನ್ನ ಪಾಲಿಗೆ ಅವಳೇ ಬಂದಳು. ಪರದೆ ಎಳೆದು ಸ್ಟೆತಸ್ಕೋಪು ಕಿವಿಗಿಟ್ಟರೆ ನನ್ನ ಎದೆಯೇ ಬಡಿದುಕೊಳ್ಳುತ್ತಿತ್ತು; ಅವಳದ್ದು ಕೇಳಲೇ ಇಲ್ಲ. ಕಣ್ಣಲ್ಲಿ ನೀರು ಬಂತು. ಅವಳು ಎದ್ದು ಕೂತು ನನ್ನ ಮೊಣಕೈ ಹಿಡಿದಳು.

"ಅಳಬ್ಯಾಡ. ನಾ ಎಡ ಮಗ್ಗಲಾ ಹೊರಳ್ತೀನಿ. ಉಸಿರು ಬಿಟ್ಟು ಹಿಡೀತೀನಿ. ನೀ ಆ ಸಣ್ಣ ಬಾಯಿದು ಇಡು, ಒತ್ತಬ್ಯಾಡ. ಕೇಳಿಸ್ತದ. ಆ ಗುಡುಗಿನಂಥ ಸದ್ದಿಗೆ ಮಿಡ್ಡಾಸ್ಟಲಿಕ್ ಅಂತಾರ. ಹೊರಗಿನ ಸರ್ ಬಂದಾಗ ಮೊದಲ ನಾಡಿ ಹೇಳು, ಆಮ್ಯಾಲ ಕೊಳ್ಳಾಗಿನ ನರ ಹೇಳು. ನೇರ ಎದಿಗೆ ಹೋದ್ರ ಅವರಿಗೆ ಸಿಟ್ಟು ಬರ್ತದ."

ಅವಳು ಹೇಳಿದ ಕ್ರಮದಲ್ಲೇ ಹೇಳಿದೆ. ಒಂದು ಗಂಟೆಯ ಹಿಂದೆ ಬೇರೆ ಹುಡುಗನನ್ನು ಅಳಿಸಿ ಕಳಿಸಿದ್ದ ಪರೀಕ್ಷಕರು ನನಗೆ "ಗುಡ್" ಅಂದರು. ಫಲಿತಾಂಶ ಬಂದ ದಿನ ನಾನು ಅಪ್ಪನಿಗಿಂತ ಮೊದಲು ಅವಳಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ನೆನಪಾಗಲಿಲ್ಲ. ಕವಾಟ ಇನ್ನಷ್ಟು ಕೆಡದಿರಲೆಂದು ಕೊಡುವ ತಿಂಗಳ ಸೂಜಿಗೆ ಬಂದಾಗ ಅವಳೇ ವಾರ್ಡು ಹುಡುಕಿಕೊಂಡು ಬಂದು ಕೇಳಿದಳು, "ಪಾಸಾದೇನು?"

ಹೌಸ್‌ಸರ್ಜನ್ ಆಗಿ ನಾನು ಅದೇ ವಾರ್ಡಿನಲ್ಲಿದ್ದಾಗ ಅವಳು ಕಾಲು ಬಾತುಕೊಂಡು ಬಂದಳು. ನಾಡಿ ಹಿಡಿದೆ. ತಾಳ ತಪ್ಪಿತ್ತು, ಎರಡು ಬಡಿತ ಬಂದು ಒಂದು ತಡೆದು, ಮತ್ತೆ ಮೂರು ಓಡಿ ಬರುತ್ತಿದ್ದವು. ಇಂಥ ಹೃದಯದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮಿದುಳಿಗೆ ಹಾರಬಹುದು ಎಂದು ಓದಿದ್ದೆ. ಸ್ಕ್ಯಾನು ನೋಡಿದ ದೊಡ್ಡ ಡಾಕ್ಟರು, ಬಲೂನಿನಿಂದ ಕವಾಟ ಅಗಲಿಸಬೇಕು, ಹೃದಯದ ಆಸ್ಪತ್ರೆ ಇರುವ ದೊಡ್ಡ ಊರಿಗೆ ಕಳಿಸು, ಕಾಗದ ತಯಾರು ಮಾಡು ಅಂದರು. ಕಾರ್ಡಿನ ಮೇಲೆ ಎಲ್ಲ ಬಿಟ್ಟಿ ಆಗುವುದಿತ್ತು. ಕಾಗದ ಬರೆದೆ. ಅವರ ಸಹಿಯೊಂದು ಬಾಕಿ. ರಕ್ತ ತೆಳುವಾಗಿಸುವ ಗುಳಿಗೆ ಹೇಗೂ ಅಲ್ಲೇ ಶುರುಮಾಡುತ್ತಾರೆ ಎಂದುಕೊಂಡೆ.

ಆ ಮಧ್ಯಾಹ್ನ ನಮ್ಮ ಕಡೆಯ ಮೂವರು ಜೂನಿಯರ್‌ಗಳು ನನ್ನ ಹತ್ತಿರ ಬಂದರು. ಅವರ ಪ್ರಾಕ್ಟಿಕಲ್ ಹತ್ತಿರವಿತ್ತು. ಅವರಲ್ಲಿ ಪೋತ್ನಾಳದ ಹುಡುಗ ಹಿಂದಿನ ಸಲ ಅದರಲ್ಲೇ ಫೇಲಾದವನು.

"ಅಕ್ಕಾರ, ಅವ್ವನ್ನ ಕಳಸ್ತಾರಂತಲ್ಲರೀ. ಕವಾಟ ಸರಿ ಆತಂದ್ರ ಆ ಸದ್ದು ಹೋಗ್ತದ. ಇನ್ನ ಹದಿನೈದೇ ದಿನ ಅದಾವ್ರಿ ಪರೀಕ್ಷಿ ಮುಗಿಯಾಕ. ಅವ್ವ ಇದ್ರ ನಮ್ಮಾಗ ಒಬ್ಬರಿಗಾದ್ರೂ ಬರ್ತಾಳ. ಈ ಸಲಾನೂ ಹೋದ್ರ ನಮ್ಮಪ್ಪ ಓದು ಬಿಡಿಸ್ತಾನ್ರಿ."

ನನ್ನ ಮೇಲೆ ಯಾರ ಒತ್ತಾಯವೂ ಇರಲಿಲ್ಲ. ಕಾಗದ ಮುಂದಿಟ್ಟಿದ್ದರೆ ದೊಡ್ಡ ಡಾಕ್ಟರು ಅಂದೇ ಸಹಿ ಹಾಕುತ್ತಿದ್ದರು. ಇಷ್ಟು ವರ್ಷ ತಡೆದುಕೊಂಡ ಹೃದಯ ಇನ್ನು ಹದಿನೈದು ದಿನ ತಡೆಯುವುದಿಲ್ಲವೇ ಎಂದು ನಾನೇ ಯೋಚಿಸಿದೆ. ನಮ್ಮ ತಾಲೂಕುಗಳಿಗೆ ಡಾಕ್ಟರು ಬೇಕು ಎಂದೂ ಯೋಚಿಸಿದೆ. ಆ ಯೋಚನೆಯಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಕಾಗದವನ್ನು ಮಡಿಚಿ ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡೆ. ಅವಳ ಹತ್ತಿರ ಹೋಗಿ, "ಯವ್ವಾ, ಕಾಗದ ಆಗಾಕ ಎರಡು ವಾರ ಹಿಡೀತದ್ರಿ. ಅಲ್ಲೀತನಕ ಇಲ್ಲೇ ಇರ್ರಿ. ಪರೀಕ್ಷಿನೂ ಅದ," ಅಂದೆ.

"ನಮ್ಮ ಕಡಿ ಹುಡುಗ್ರು ಅದಾರೇನು ಈ ಸಲ?"

"ಮೂರು ಮಂದಿ ಅದಾರ್ರಿ."

"ಹಂಗಾರ ಇರ್ತೀನಿ ತಗೋ," ಅಂದಳು.

ಪರೀಕ್ಷೆಯ ಗದ್ದಲದಲ್ಲಿ ದೊಡ್ಡ ಡಾಕ್ಟರು ಆ ಕಾಗದವನ್ನು ಮತ್ತೆ ಕೇಳಲಿಲ್ಲ. ಪರೀಕ್ಷೆಯ ಎರಡನೆಯ ದಿನ ಬೆಳಗ್ಗೆ ಪೋತ್ನಾಳದ ಹುಡುಗನ ಪಾಲಿಗೆ ಅವಳು ಬಂದಳು. ನಾನು ಬಾಗಿಲ ಬಳಿ ಚೀಟಿ ಹಂಚುವ ಕೆಲಸದಲ್ಲಿದ್ದೆ. ಪರದೆಯ ಒಳಗೆ ಅವನು ಮೆಲ್ಲಗೆ ಕೇಳುವುದು, ಅವಳು ಹೇಳಿಕೊಡುವುದು ಕೇಳಿಸುತ್ತಿತ್ತು. "ಮೊದಲ ನಾಡಿ ಹೇಳು, ಆಮ್ಯಾಲ..." ಎಂದದ್ದು ಅಲ್ಲಿಗೇ ನಿಂತಿತು. "ಅಕ್ಕಾರ!" ಎಂದು ಅವನು ಕೂಗಿದ. ನಾನು ಪರದೆ ಸರಿಸಿದಾಗ ಅವಳ ಬಾಯಿ ಒಂದು ಕಡೆಗೆ ಎಳೆದಿತ್ತು. ಬಲಗೈ ಮಂಚದ ಕಂಬಿಗೆ ಬಡಿದು ಜೋತುಬಿದ್ದು, ಎರಡು ಬಳೆ ಒಡೆದಿದ್ದವು. ಮಾತಾಡಲು ನೋಡುತ್ತಿದ್ದಳು, ನಾಲಿಗೆ ಬರೀ ಹೊರಳುತ್ತಿತ್ತು. ಕುಪ್ಪಸದ ಹುಕ್ಕು ತೆರೆದೇ ಇತ್ತು. ಎಡಗೈಯಿಂದ ಅದನ್ನು ಹುಡುಕುತ್ತಿದ್ದಳು.

ಸ್ಟ್ರೆಚರಿಗೆ ಎತ್ತಿ ಹಾಕಿದೆವು. ನಾನು ಅದನ್ನು ತಳ್ಳಿಕೊಂಡು ಬಾಗಿಲು ದಾಟುವಾಗ, ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಹುಡುಗನಿಗೆ ಇಂಗ್ಲಿಷಿನಲ್ಲಿ ಕೇಳಿದ್ದು ಕಿವಿಗೆ ಬಿತ್ತು: ಈಗ ಆದದ್ದೇನು, ಯಾಕಾಯಿತು, ಹೇಳು. ಹುಡುಗ ಉತ್ತರ ಕೊಟ್ಟ. ಹೃದಯದ ಎಡಗಡೆ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿದೆ, ಬಲಭಾಗ ಬಿದ್ದುಹೋಗಿದೆ, ಮಾತು ಹೋಗಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಜೀವ ಉಳಿಯಿತು. ಮಾತು, ಬಲಗೈ, ಬಲಗಾಲು ಮರಳಲಿಲ್ಲ. ಹೃದಯದೊಳಗೆ ಇನ್ನೂ ಹೆಪ್ಪು ಇದೆ, ಈಗ ಬಲೂನು ಹಾಕಲಾಗದು ಎಂದರು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಆಗ ಹದಿನೇಳು ತುಂಬಿದ್ದ ಅವಳ ಮಗಳು ಕಾಲೇಜು ಬಿಟ್ಟು ಅವ್ವನನ್ನು ಊರಿಗೆ ಕರೆದುಕೊಂಡು ಹೋದಳು. ನಾನು ಕಾಗದವನ್ನು ಹರಿದು ಹಾಕಿದೆ.

ಸರಕಾರಿ ನೇಮಕ ಬಂದಾಗ ದೇವದುರ್ಗ ತಾಲೂಕನ್ನೇ ಕೇಳಿ ಪಡೆದೆ. ಪತ್ರಿಕೆಯೊಂದರಲ್ಲಿ ನನ್ನ ಫೋಟೋ ಹಾಕಿ, ಹುಟ್ಟಿದ ನೆಲಕ್ಕೆ ಮರಳಿದ ವೈದ್ಯೆ ಎಂದು ಬರೆದರು. ಅವಳ ಊರು ನನ್ನ ಆಸ್ಪತ್ರೆಯ ವ್ಯಾಪ್ತಿಗೇ ಬರುತ್ತಿತ್ತು. ವಾರಕ್ಕೊಮ್ಮೆ ಹೋಗುತ್ತಿದ್ದೆ. ತಗಡಿನ ಮನೆ, ಬಾಗಿಲ ಪಕ್ಕ ಮಂಚ. ನಾನು ಸ್ಟೆತಸ್ಕೋಪು ತೆಗೆದರೆ ಸಾಕು, ಅವಳು ಎಡ ಮಗ್ಗುಲಿಗೆ ಹೊರಳಲು ಒದ್ದಾಡುತ್ತಿದ್ದಳು. ಆಗುತ್ತಿರಲಿಲ್ಲ. ಮಗಳು ಬಂದು ಹೊರಳಿಸುತ್ತಿದ್ದಳು. ಆಮೇಲೆ ಅವಳು ಉಸಿರು ಬಿಟ್ಟು, ಹಿಡಿದು, ನನ್ನ ಮುಖವನ್ನೇ ನೋಡುತ್ತಿದ್ದಳು. ಬೇಡ, ಬಿಡ್ರಿ ಯವ್ವಾ ಎಂದರೂ ಹಿಡಿದೇ ಇರುತ್ತಿದ್ದಳು. ಹೀಗೆ ಒಂದು ವರ್ಷ ಬದುಕಿ, ಒಂದು ಬೆಳಗ್ಗೆ ಗಂಜಿ ಕುಡಿಸುವಾಗ ಸತ್ತಳು.

ಮಣ್ಣಾದ ಒಂದು ವಾರಕ್ಕೆ ಹೋದೆ. ಮಗಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ನೀವು ನಮ್ಮವ್ವಗ ಭಾಳ ಮಾಡೀರಿ," ಅಂದಳು. ಅದನ್ನು ಕೇಳಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಹೇಳಿಬಿಟ್ಟೆ. ಕಾಗದ ತಯಾರಿದ್ದದ್ದು, ಪರೀಕ್ಷೆ ಮುಗಿಯಲಿ ಎಂದು ನಾನು ಸಹಿ ಹಾಕಿಸದೆ ಇಟ್ಟುಕೊಂಡದ್ದು, ನಿಮ್ಮವ್ವನಿಗೆ ಸುಳ್ಳು ಹೇಳಿದ್ದು, ಎಲ್ಲ.

ಅವಳ ಕೈ ನಿಲ್ಲಲಿಲ್ಲ. ರೊಟ್ಟಿ ಅಗಲವಾಗುತ್ತಲೇ ಹೋಯಿತು.

"ಆವಾಗ ಹೋಗಿದ್ರ ಉಳೀತಿದ್ಳೇನ್ರಿ?"

"ಉಳೀತಿದ್ಳು ಅನಸ್ತದ. ಖರೇ ಹೇಳಾಕ ಬರಂಗಿಲ್ಲ."

"ಆ ಹುಡುಗ್ರು ಪಾಸಾದ್ರೇನು?"

"ಆದ್ರು. ಮೂವರೂ."

"ಈಗ ಎಲ್ಲಿ ಅದಾರ?"

"ಪೋತ್ನಾಳದಾಂವ ಮಾನ್ವಿಗೆ ಬಂದಾನ. ಇನ್ನಿಬ್ಬರು ಈ ಕಡಿ ಬರಲಿಲ್ಲ."

ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದಳು. "ಅಂವ ಒಬ್ಬ, ನೀವೊಬ್ಬರು," ಅಂದಳು. "ಇಬ್ಬರಾತು." ರೊಟ್ಟಿ ಮಗುಚಿ ಹಾಕಿದಳು. ಆಮೇಲೆ ನನ್ನ ಕಡೆ ತಿರುಗದೆ, "ಊರಿಗೆ ಬರ್ರಿ. ನಮ್ಮನಿಗೆ ಬರಬ್ಯಾಡ್ರಿ," ಅಂದಳು.

ಪ್ರತಿ ಗುರುವಾರ ಆ ಊರಿಗೆ ಹೋಗುತ್ತೇನೆ. ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು, ಸಾಲಾಗಿ ಬರುವ ಮಕ್ಕಳ ಬಾಯಿ ತೆರೆಸಿ ಗಂಟಲು ನೋಡುತ್ತೇನೆ. ಜ್ವರ ಬಂದು ಕೀಲು ಬಾತಿದೆ ಎಂದರೆ ಮನೆಗೇ ಹೋಗಿ ಸೂಜಿ ಕೊಟ್ಟು ಬರುತ್ತೇನೆ. ಅವಳ ಓಣಿಯಲ್ಲೂ ನಾಲ್ಕು ಮಕ್ಕಳಿದ್ದಾರೆ. ಅವರ ಮನೆಗಳಿಗೆ ಹೋಗಬೇಕಾದರೆ ಆ ತಗಡಿನ ಮನೆಯ ಮುಂದೆಯೇ ದಾರಿ. ಮಗಳು ಬಾಗಿಲಲ್ಲಿ ಕೂತಿದ್ದರೆ ಕಾಲು ಮಡಿಚಿ ನನಗೆ ದಾರಿ ಬಿಡುತ್ತಾಳೆ. ಬರ್ರಿ ಎನ್ನುವುದಿಲ್ಲ. ನಾನೂ ನಿಲ್ಲುವುದಿಲ್ಲ.